ಏಳು ತಲೆಮಾರಿನ ಕೀಲಿಕೈ

ಐದನೆಯ ಪಿತೃವಿನ ಹೆಸರು ದೊಸ್ಮುಖಾನನ ಸ್ಮೃತಿಯಿಂದ ಜಾರಿಹೋದದ್ದೇ ಅನರ್ಥಕ್ಕೆ ಮೂಲವಾಯಿತು.

ಕಿಜಿಲೊರ್ದಾ ಪಟ್ಟಣದ ಹಳೆಯ ವಸತಿಗೃಹದ ಒಂದು ಕೋಣೆಯಲ್ಲಿ, ಹತ್ತು ಸಂಸಾರಗಳ ಒಂದೇ ಅಡುಗೆಮನೆಯ ಹೊಗೆ ಕುಡಿಯುತ್ತ, ಆ ವಿಧುರನು ಸರ್ಕಾರಿ ಮನೆಗಾಗಿ ಹನ್ನೊಂದು ವರ್ಷ ಕಾದಿದ್ದನು. ಇಂದು ಸರದಿ ಬಂದಿತ್ತು. ಸಂಜೆ ಆರರೊಳಗೆ ಫೋನಿನಲ್ಲಿ ತನ್ನ ಖಾತೆ ತೆರೆದು ಒಪ್ಪಿಗೆ ಒತ್ತಬೇಕು. ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ. ಖಾತೆ ಮಾಡಿಕೊಟ್ಟ ಕಚೇರಿಯವಳು ಅಂದೇ ಎಚ್ಚರಿಸಿದ್ದಳು: "ಸರದಿ ನಂಬರಿನ ಜೊತೆ ಈ ಗುಟ್ಟಿನ ಮಾತೇ ಕೀಲಿಕೈ. ನಿಮ್ಮ ಮುಖ ನೋಡಿ ಬಾಗಿಲು ತೆಗೆಯೋರು ಅಲ್ಲಿ ಯಾರೂ ಇಲ್ಲ. ಮರೆಯದಂಥದ್ದು ಇಟ್ಕೊಳ್ಳಿ. ಯಾರಿಗೂ ಹೇಳ್ಬೇಡಿ."

ಕಜಖನಾದವನು ಮರೆಯಬಾರದ್ದು ಏಳು ತಲೆಮಾರಿನ ಪಿತೃಗಳ ಹೆಸರಲ್ಲದೆ ಮತ್ತೇನು? ಅವನ್ನೇ ಇಟ್ಟಿದ್ದನು.

ನಾಲ್ಕು ಗಂಟೆಗೆ, ಮಾನ ಬಿಟ್ಟು, ಅಂಗಳದ ಬೆಂಚಿನಲ್ಲಿ ನೆರೆಹೊರೆಯವರ ನಡುವೆ ಕುಳಿತಿದ್ದ ದೊಡ್ಡಪ್ಪ ಅಬ್ದಿರಾಶನ ಕಿವಿಯಲ್ಲಿ ಉಸುರಿದನು: "ದೊಡ್ಡಪ್ಪ, ನಮ್ಮ ಐದನೆಯವರ ಹೆಸರು..."

"ಏನಂದೆ? ಐವತ್ತೆಂಟಾಯ್ತು, ಇನ್ನೂ ಏಳು ತಂದೆಯರ ಹೆಸರು ಬರಲ್ವಾ ನಿಂಗೆ?"

ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು.

"ಮೆಲ್ಲಗೆ ದೊಡ್ಡಪ್ಪ. ಅದು ಮನೆ ಖಾತೆಯ ಗುಟ್ಟು."

"ಹೆತ್ತವರ ಹೆಸರಲ್ಲಿ ಗುಟ್ಟೇನಯ್ಯ? ಕದ್ದು ತಂದಿದ್ದೀಯಾ?" ಎಂದ ವೃದ್ಧನು ಗಡ್ಡ ನೀವಿ ಎದ್ದು, ಕುದುರೆ ಪಂದ್ಯದ ಫಲಿತಾಂಶ ಸಾರುವವನಂತೆ ಏಳು ಹೆಸರನ್ನೂ ಸಾರಿದನು. ಅಷ್ಟಕ್ಕೇ ಬಿಡಲಿಲ್ಲ. ಯಾರು ಯಾವ ನದಿ ದಾಟಿದರು, ಯಾರ ಕುದುರೆ ಎಲ್ಲಿ ಸತ್ತಿತು, ಎಲ್ಲವೂ ವಿಸ್ತಾರವಾಗಿ ಬಂದವು. ಎದ್ದರೆ ಪಿತೃದ್ರೋಹ, ಕುಳಿತರೆ ಗೃಹನಷ್ಟ. ದೊಸ್ಮುಖಾನನು ಬೆವರುತ್ತ ಕುಳಿತೇ ಇದ್ದನು.

ಐದೂವರೆಗೆ ಬಿಡುಗಡೆ ಸಿಕ್ಕಿತು. ಓಡಿಹೋಗಿ ಹೆಸರುಗಳನ್ನೊತ್ತಿದನು. ಖಾತೆ ತೆರೆಯಿತು: 'ತಮ್ಮ ನಿರಾಕರಣೆ ದಾಖಲಾಗಿದೆ.'

ಕಚೇರಿಗೆ ಫೋನು ಹಚ್ಚಿದನು. "ನಾನು ಬೇಡ ಅಂದಿಲ್ಲ, ತಾಯಿ."

"ಯಜಮಾನರು ಐದೂ ಹತ್ತಕ್ಕೆ ಬೇಡ ಅಂದಿದ್ದಾರೆ."

"ನಾನೇ ಯಜಮಾನ."

"ಕೀಲಿಕೈ ಇದ್ದೋರೇ ನಮಗೆ ಯಜಮಾನರು. ಒತ್ತಿದ್ಮೇಲೆ ಮುಗೀತು." ಫೋನು ಕಡಿಯಿತು.

ಪಕ್ಕದ ಕೋಣೆಯ ಉಲ್ಬೊಸಿನ್, ಆಗಷ್ಟೇ ಕರಿದ ಬೌರ್ಸಾಕ್ ಹಿಟ್ಟುಂಡೆಗಳ ತಟ್ಟೆ ಹಿಡಿದು ಒಳಬಂದಳು.

"ಅಣ್ಣಾ, ದೊಡ್ಡಪ್ಪ ನಿನ್ನ ಬಿಡೋ ಹಾಗೆ ಕಾಣ್ಲಿಲ್ಲ. ನಿನ್ನ ಸರದಿ ನಂಬರು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. ಹೊತ್ತು ಮೀರೀತು ಅಂತ, ದೊಡ್ಡಪ್ಪ ಸಾರಿದ ಹೆಸರು ಒತ್ತಿ ನಾನೇ ನಿನ್ನ ಖಾತೆ ನನ್ನ ಫೋನಲ್ಲಿ ತೆಗೆದೆ. ನೋಡಿದ್ರೆ, ಊರಾಚೆ, ಒಂಬತ್ತನೇ ಮಹಡಿ. ಒಂಟಿ ಜೀವ, ಅಲ್ಲಿ ಬಿದ್ದರೆ ನೀರು ಕೊಡೋರ್ಯಾರು? ಅಡುಗೆಮನೇಲಿ ಎಲ್ಲರೂ ಸೇರಿ ಅತ್ತು, ಯೋಚನೆ ಮಾಡಿ 'ಬೇಡ' ಒತ್ತಿದ್ವಿ."

ದೊಸ್ಮುಖಾನನು ಫೋನನ್ನು ಮಂಚದ ಮೇಲೆ ಬೋರಲು ಹಾಕಿದನು.

"ಹೊಸ ಸರದಿ ನಂಬರು ಒಂಬತ್ತು ಸಾವಿರದ ನಲವತ್ತು," ಎಂದು ಅವಳು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು. "ನೀನು ಬರೆದಿಟ್ಕೊಳ್ಳೋದೇನೂ ಬೇಡ. ಅಂಗಳಕ್ಕೆಲ್ಲ ಹೇಳಿದ್ದೀನಿ."