ದೊಡ್ಡಮ್ಮನ ‘ಹೇಗೆ ಹೋದ್ರು?’

ಬಸವನಗುಡಿಯಲ್ಲಿ ಯಾರೇ ಆಗಲಿ, ನನ್ನ ದೊಡ್ಡಮ್ಮನಿಗೆ ಸಮಜಾಯಿಷಿ ಕೊಡದೆ ಸಾಯುವಂತಿಲ್ಲ! ವೈಕುಂಠ ಸಮಾರಾಧನೆಯ ಊಟಕ್ಕೆ ಕೂತಾಗಲೂ ಅವರ ಗಮನ ವಡೆಯ ಮೇಲಿರುವುದಿಲ್ಲ. ಪಕ್ಕದ ಎಲೆಯವರತ್ತ ಬಾಗಿ, “ಹೇಗೆ ಹೋದ್ರು?” ಎನ್ನುತ್ತಾರೆ.

“ಹಾರ್ಟ್ ನಿಂತೋಯ್ತಂತೆ.”

“ಎಲ್ರಿಗೂ ಕೊನೇಲಿ ಹಾರ್ಟೇ ನಿಲ್ಲೋದು. ಅದಕ್ಕೆ ಮುಂಚೆ ಏನಾಗಿತ್ತು?”

ಅಷ್ಟರಲ್ಲಿ ಬಡಿಸುವವರು ನಮ್ಮ ಸಾಲನ್ನೇ ಬಿಟ್ಟು ಮುಂದೆ ಹೋಗಿರುತ್ತಾರೆ.

ಪ್ಲೇಗಿಗೆ ಪೇಟೆ ನಲುಗಿದ ಮೇಲಲ್ಲವೇ ನಮ್ಮ ಬಡಾವಣೆಗೆ ಇಷ್ಟು ಅಗಲದ ರಸ್ತೆಗಳು ಬಂದದ್ದು? ಯಾವ ಓಣಿಯಲ್ಲಿ ಯಾರು ಏತರಿಂದ ಸತ್ತರೆಂದು ಅಂದು ಯಾರೋ ನಾಚಿಕೆ ಬಿಟ್ಟು ಕೇಳಿದ್ದರಿಂದಲೇ ಇಂದು ತಮ್ಮ ಕಿಟಕಿಗೆ ಗಾಳಿ ಬರುತ್ತಿದೆ ಎಂಬುದು ದೊಡ್ಡಮ್ಮನ ಸಿದ್ಧಾಂತ. ನೆಂಟರೊಬ್ಬರು ಮಗಳನ್ನು ಆಕೆಯ ಸೋದರಮಾವನಿಗೇ ಕೊಡಲು ಹೊರಟು, ಗೋತ್ರ ಬೇರೆಯಾದ್ದರಿಂದ ತೊಂದರೆಯಿಲ್ಲವೆಂದಾಗ, “ಗೋತ್ರ ಬೇರೆ, ಸರಿ. ಹುಡುಗಿ ಅಜ್ಜೀನೂ ಹುಡುಗನ ಅಮ್ಮನೂ ಒಬ್ರೇ ತಾನೆ?” ಎಂದುಬಿಟ್ಟರು. ಆ ಮದುವೆ ನಿಂತಿತು. ಆ ಮನೆಯ ಕಾಫಿಯೂ ನಮಗೆ ನಿಂತಿತು.

ನಾನಾದರೋ ರೋಗಗಳ ಸಾಮಾಜಿಕ ಚರಿತ್ರೆಯನ್ನು ವಿಶ್ವವಿದ್ಯಾಲಯದಲ್ಲೇ ಓದಿದವಳು! ನಮ್ಮ ವಂಶವಾಹಿಗಳು ಯಾರ ಸ್ವತ್ತು? ಸಂಶೋಧನೆಗೆಂದು ಬಡವರ ರಕ್ತ ಒಯ್ದವರು ಅದರ ಫಲಿತಾಂಶವನ್ನು ಅವರಿಗೇಕೆ ತಿಳಿಸುವುದಿಲ್ಲ? ಮೈಕು ಕಂಡಲ್ಲೆಲ್ಲ ಗುಡುಗಿದ್ದೇನೆ. ಅಂಥದೊಂದು ಗುಡುಗು ಮುಗಿಸಿ ಇಬ್ಬರೂ ಆಟೋದಲ್ಲಿ ಬರುವಾಗ ದೊಡ್ಡಮ್ಮ, “ಎಲ್ರನ್ನೂ ಕೇಳಿದ್ಯಲ್ಲ ಪುಟ್ಟಿ, ನಿನ್ನ ಟೆಸ್ಟ್ ಯಾವಾಗ?” ಎಂದರು.

ನನ್ನ ಅಮ್ಮನನ್ನು, ಅಂದರೆ ದೊಡ್ಡಮ್ಮನ ತಂಗಿಯನ್ನು, ಒಯ್ದ ಕಾಯಿಲೆ ನನಗೂ ಬರುವ ಸಂಭವ ಎಷ್ಟೆಂದು ತಿಳಿಸುವ ಪರೀಕ್ಷೆ ಅದು. ದತ್ತಾಂಶದ ಗೋಪ್ಯತೆ, ಪ್ರಯೋಗಾಲಯಗಳ ಉತ್ತರದಾಯಿತ್ವ ಎಂದೆಲ್ಲ ನಾನು ಲಾಲ್‌ಬಾಗ್ ದಾಟುವವರೆಗೂ ಉಪನ್ಯಾಸ ಕೊಟ್ಟೆ.

“ಹೆದರಿಕೆ ಅನ್ನು. ಮಾತು ಬೇಗ ಮುಗಿಯತ್ತೆ.”

ಕೊನೆಗೆ ಅವರೇ ನನ್ನನ್ನು ಆಸ್ಪತ್ರೆಗೆ ಎಳೆದೊಯ್ದರು. ವೈದ್ಯೆ ಮನೆತನದ ಕಾಯಿಲೆಗಳನ್ನು ವಿಚಾರಿಸಿದಾಗ, ಈ ವಿದುಷಿ ಅಜ್ಜನ ಹೆಸರಿಗೇ ತಡವರಿಸಿದಳು. ದೊಡ್ಡಮ್ಮ ಮಾತ್ರ ಮುತ್ತಜ್ಜಿಯ ಕಾಮಾಲೆಯಿಂದ ಹಿಡಿದು ಸರಾಗವಾಗಿ ಒಪ್ಪಿಸಿದರು. ಆಗ ವೈದ್ಯೆ ಮೆಲ್ಲಗೆ ಅವರನ್ನು ಕೇಳಿದರು: “ನಿಮ್ಮ ತಂಗಿ ಹೇಗೆ ಹೋದ್ರು?”

ಊರಿನ ಸಾವುಗಳಿಗೆಲ್ಲ ಜವಾಬು ಕೇಳಿದವರು ಕೈಚೀಲದ ಹಿಡಿಯನ್ನು ತಿರುವುತ್ತ ಕೂತರು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ನಾನೇ ಹೇಳಿದೆ: “ಸ್ತನದ ಕ್ಯಾನ್ಸರ್. ಗಂಟಿರೋದನ್ನ ಅಮ್ಮ ಯಾರಿಗೂ ಹೇಳಿರ್ಲಿಲ್ಲ. ಯಾರೂ ಕೇಳಿರ್ಲೂ ಇಲ್ಲ.”

“ನಾನೂ ಕೇಳ್ಲಿಲ್ಲ,” ಎಂದರು ದೊಡ್ಡಮ್ಮ.

ಅವರ ಕೈಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಸೂಜಿಗೆ ಚಾಚಿದೆ.