ಹದಿಮೂರನೇ ಪೆಟ್ಟಿಗೆ

“ಆ ಮನೆಯಲ್ಲಿ ಯಜಮಾನರು ಬಾಯಿ ಬಿಟ್ಟರೆ ಪಾಠ, ಯಜಮಾನಿ ಬಾಯಿ ಬಿಟ್ಟರೆ ಪರೀಕ್ಷೆ” ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರಂತೆ. ಹನ್ನೊಂದು ವರ್ಷ ಪಾಠ ಮಾಡಿದ್ದೇನೆ, ನಿಜ. ಒಂದು ಪರೀಕ್ಷೆಯಲ್ಲೂ ಪಾಸಾಗಿಲ್ಲ, ಅದೂ ನಿಜ.

ಮನೆ ಮನೆಗೆ ಇಂಟರ್ನೆಟ್ ತಂತಿ ಎಳೆಯುವುದು ನನ್ನ ಕಸುಬು. ನನ್ನಾಕೆಯದು ಹೊಲಿಗೆ. ನಾಲ್ಕು ಬೀದಿ ಆಚೆಗೆ ಮನೆ ಬದಲಾಯಿಸುವ ಹಿಂದಿನ ದಿನ ಅವಳು ಹೇಳಿದ್ದು ಇಷ್ಟೆ: “ಬೇರೆ ಏನು ಬೇಕಾದ್ರೂ ಕಳೀರಿ. ನಾಳೆ ಸಂಜೆ ನನ್ನ ಮಿಷನ್ ಓಡ್ಲೇಬೇಕು. ನಾಡಿದ್ದು ಬೆಳಿಗ್ಗೆ ಶಾಲೆಗೆ ನಲವತ್ತು ಯೂನಿಫಾರ್ಮ್ ಕೊಡ್ಬೇಕು. ಸುಮ್ನೆ ಒಂದು ಲಾರಿ ಕರೀರಿ.”

ಲಾರಿಯೇ! ನನ್ನೊಳಗಿನ ಮಹಾಪಂಡಿತ ಮೈಮುರಿದು ಎದ್ದ.

“ಇಂಟರ್ನೆಟ್ಟಲ್ಲಿ ಲಾರಿ ಇಲ್ಲ ಕಣೇ. ಎಷ್ಟು ದೊಡ್ಡ ಸಂದೇಶ ಇದ್ರೂ ಚೂರು ಮಾಡ್ತಾರೆ. ಚೂರಿಗೊಂದು ನಂಬರು, ಒಂದು ವಿಳಾಸ. ಯಾವ ದಾರಿ ಬಿಡುವಾಗಿದೆಯೋ ಅದರಲ್ಲಿ ಹೋಗುತ್ತೆ. ಆ ತುದೀಲಿ ನಂಬರ್ ನೋಡಿ ಜೋಡಿಸಿ ‘ಬಂತು’ ಅಂತಾರೆ. ಅನ್ನದಿದ್ರೆ ಈ ತುದಿಯವನು ಮತ್ತೆ ಕಳಿಸ್ತಾನೆ. ನಡುವಿನ ದಾರಿಗೆ ಬುದ್ಧಿ ಬೇಕಿಲ್ಲ, ಎರಡು ತುದಿಗೆ ಇದ್ರೆ ಸಾಕು.”

“ಎರಡು ತುದಿಗೂ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. (ಆಗಲೇ ಹೊಳೆಯಬೇಕಿತ್ತು.)

ಬೆಳಿಗ್ಗೆ ಸಂಸಾರವೆಲ್ಲ ನಲವತ್ತು ರಟ್ಟಿನ ಪೆಟ್ಟಿಗೆ ಸೇರಿತು. ಮಿಷನ್ನನ್ನೂ ಬಿಡಲಿಲ್ಲ: ತಲೆ ಹನ್ನೊಂದು, ಬಿಚ್ಚಿದ ಕಾಲು ಹನ್ನೆರಡು, ಬೆಲ್ಟು-ಬಾಬಿನ್ನು ಹದಿಮೂರು. ದಾರಿಗಳೆಂದರೆ ಬಾಮೈದನ ಸ್ಕೂಟರ್, ಎದುರುಮನೆಯವರ ಆಟೊ. ಹೊಸ ಮನೆಯ ತುದಿಯಲ್ಲಿ ನನ್ನಾಕೆ, ಈ ತುದಿಯಲ್ಲಿ ನಾನು.

“ಭಾವ, ಮಾರ್ಕೆಟ್ ರಸ್ತೆ ಅಗೆದುಹಾಕಿದ್ದಾರೆ!” ಎಂದು ಬಾಮೈದ ವಾಪಸ್ಸು ಬಂದ.

“ಶಾಲೆ ಹಿಂದಿನ ಗಲ್ಲಿ ಹಿಡಿಯೋ! ಇದೇ ನೋಡು ಇಂಟರ್ನೆಟ್ಟಿನ ಸೊಗಸು!” ಎಂದು ಕುಣಿದಾಡಿದೆ.

ಫೋನಿನಲ್ಲಿ ‘ಮೂವತ್ತೊಂದು ಬಂತು’, ‘ನಾಲ್ಕು ಬಂತು’ ಎಂದು ಕೇಳುತ್ತಿದ್ದರೆ ಕಿವಿಗೆ ಸಂಗೀತ. ನಾಲ್ಕು ಗಂಟೆಗೆ ಸಂಗೀತ ನಿಂತಿತು.

“ಹದಿಮೂರು ಬಂದಿಲ್ಲ.”

“ಮತ್ತೆ ಕಳಿಸ್ತೀನಿ ಬಿಡು,” ಎಂದೆ, ಕಸುಬಿನ ಅಭ್ಯಾಸ.

“ಏನನ್ನ ಕಳಿಸ್ತೀರಿ?”

ಅಯ್ಯೋ! ಇಂಟರ್ನೆಟ್ಟಿನಲ್ಲಿ ಕಳಿಸುವವನ ಹತ್ತಿರ ಪ್ರತಿ ಇರುತ್ತದೆ. ಬೆಲ್ಟಿಗೆಲ್ಲಿಯ ಪ್ರತಿ? ಬಾಮೈದ ಗಲ್ಲಿ ಗಲ್ಲಿ ಜಾಲಾಡಿದ. ಎದುರುಮನೆಯವರು ಆಟೊದ ಸೀಟನ್ನೇ ಕಿತ್ತು ನೋಡಿದರು. ನಾನು ಕೂತಲ್ಲಿಂದಲೇ ಸೇನಾಪತಿಯಂತೆ ಆಜ್ಞೆ ಕೊಡುತ್ತಿದ್ದೆ. ಕೊನೆಗೆ ಅವಳೇ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿದಳು.

“ಏಳಿ.”

“ಅಲ್ಲ ಕಣೇ, ನಾನೀಗ ಆಟೊದವರಿಗೆ...”

“ಏಳಿ ಅಂದೆ.”

ಎದ್ದೆ. ನಾನು ಕೂತಿದ್ದಲ್ಲಿ, ನಂಬರು ಬರೆದ ಮುಚ್ಚಳ ನನ್ನ ಭಾರಕ್ಕೆ ಕುಸಿದು, ಹದಿಮೂರು! (ಕುರ್ಚಿಗಳೆಲ್ಲ ಮೊದಲ ಸರದಿಯಲ್ಲೇ ಹೋಗಿದ್ದವು. ಮೇಲ್ವಿಚಾರಣೆಗೆ ಒಂದು ಆಸನ ಬೇಡವೇ?)

ಬಾಮೈದ ಗೋಡೆ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು.

“ದಾರಿದೇನೂ ತಪ್ಪಿಲ್ಲ ಕಣ್ರೀ,” ಎಂದಳು ನನ್ನಾಕೆ. “ಪಾಪ, ನಿಮ್ಮ ಇಂಟರ್ನೆಟ್ಟಿಂದೂ ತಪ್ಪಿಲ್ಲ. ಈ ತುದೀಲೇ ಬುದ್ಧಿ ಕಮ್ಮಿ ಬಿತ್ತು.” ಅಷ್ಟು ಹೇಳಿ ಅವಳೂ ನಗಲು ಶುರುಮಾಡಿದಳು. ಖಾಲಿ ಮನೆಯಲ್ಲಿ ಆ ನಗು ಎರಡೆರಡು ಸಲ ಕೇಳಿಸಿತು. ಆಮೇಲೆ ಕಾಗದದಲ್ಲಿ ಏನೋ ಗೀಚಿ ನನ್ನ ಬೆನ್ನಿಗೆ ಅಂಟಿಸಿ, ಹದಿಮೂರನ್ನು ನನ್ನ ತಲೆಯ ಮೇಲಿಟ್ಟು, “ನಡೀರಿ, ಮಿಷನ್ ಕಾಯ್ತಿದೆ” ಎಂದಳು.

ಹನ್ನೊಂದು ವರ್ಷದ ಹೊಸ್ತಿಲನ್ನು ಕೊನೆಯ ಸಲ ದಾಟಿದೆ. ಹಿಂದೆ ಬೀಗ ಬಿತ್ತು. ಮಹಡಿ ಮನೆಯ ಅಜ್ಜಿ ಕಿಟಕಿಯಿಂದ ಬಗ್ಗಿ, ಕನ್ನಡಕ ಏರಿಸಿ, ಬೀದಿಗೆಲ್ಲ ಕೇಳುವಂತೆ ನನ್ನ ಬೆನ್ನನ್ನು ಓದಿದರು:

“ನಂಬರ್ ನಲವತ್ತೊಂದು. ಒಳಗೇನಿಲ್ಲ, ಸದ್ದು ಮಾತ್ರ. ತಲುಪದಿದ್ದರೆ ಮತ್ತೆ ಕಳಿಸಬೇಡಿ.”