ಶಿಕಾರಿಪುರದಿಂದ ಶಿಕಾರಿಪುರಕ್ಕೆ, ವೈರಿನ ಮೇಲೆ

“ಅಲ್ರೀ ಮೇಷ್ಟ್ರೇ, ಶಿವಮೊಗ್ಗದಿಂದ ಆಳು ಕರೆಸಿ ಎರಡು ಕಂಪ್ಯೂಟರಿಗೂ ನೆಟ್‌ವರ್ಕ್ ವೈರು ಎಳಸೀನಿ. ಅದನ್ನ ಬಿಟ್ಟು ಬೇರೆ ದಾರಿ ಅಂತೀರಲ್ಲ?”

“ಸಾರ್, ಪ್ರೋಗ್ರಾಮೂ ಇದೇ ಡಬ್ಬದಲ್ಲಿದೆ, ಪರದೆನೂ ಇದರದ್ದೇ. ಒಳಗೊಳಗೇ ಮಾತಾಡ್ಕೊಳ್ತವೆ. ಅದಕ್ಕೆ ಲೋಕಲ್ ಸಾಕೆಟ್ ಅಂತಾರೆ.”

“ನಾನು ಲೋಕಲ್ ಮಾಲು ಇಡಲ್ಲ ರೀ. ಕೆಳಗೆ ಗೊಬ್ಬರನೂ ಕಂಪನಿದೇ.”

ಕೆಳಗೆ ಗೊಬ್ಬರದಂಗಡಿ, ಮಹಡಿಯಲ್ಲಿ ಕಂಪ್ಯೂಟರ್ ಸೆಂಟರು. ಎರಡಕ್ಕೂ ಪರಮಶಿವಪ್ಪನವರೇ ಮಾಲೀಕರು. ಇದ್ದ ಎರಡೇ ಯಂತ್ರಗಳಲ್ಲಿ ಈಗ ಎದುರಿಗಿದ್ದ ಹೊರಗಿನದಕ್ಕೆ ‘ಶಿಕಾರಿಪುರ’, ಒಳಕೋಣೆಯದಕ್ಕೆ ಹೆಂಡತಿಯ ತವರಾದ ‘ಸೊರಬ’ ಎಂದು ಹೆಸರಿಟ್ಟು ವಿಭೂತಿ ಬಳಿದಿದ್ದರು. ಮೇಷ್ಟ್ರು ಎಂದರೆ ತೀರ್ಥೇಶನೊಬ್ಬನೇ. ಯುಗಾದಿಗೆ ಖಾಯಂ ಮಾಡುತ್ತೇನೆಂಬ ಮಾತನ್ನು ನಂಬಲಾರದೆ, ಸೊರಬದಲ್ಲಿ ಹೊಸದಾಗಿ ತೆರೆದ ಸೆಂಟರಿಗೆ ಬೆಳಗಿನಿಂದ ಗುಟ್ಟಾಗಿ ಅರ್ಜಿ ಬರೆಯುತ್ತಿದ್ದ. ಮೆಟ್ಟಿಲ ಮೇಲೆ ಸಾಹುಕಾರರ ಚಪ್ಪಲಿ ಸದ್ದಾದೊಡನೆ ಮುಚ್ಚಿದ್ದ.

“ಅಡುಗೆಮನೆಯಿಂದ ಪಡಸಾಲೆಗೆ ಅನ್ನ ತರೋಕೆ ಬಸ್ ಹತ್ಬೇಕಾ ಸಾರ್?”

“ಬಸ್ಸು ನಮ್ದೇ ಇದ್ರೆ ಹತ್ಬೇಕಪ್ಪ. ನಿಂತಲ್ಲೇ ನಿಂತ್ರೆ ತುಕ್ಕು ಹಿಡೀತದ.”

“ನಿಧಾನ ಆಗ್ತದೆ.”

“ಆಗ್ಲಿ ಬಿಡ್ರೀ. ನೀವು ಖಾಯಂ ಆಗ್ಬೇಕೋ ಬ್ಯಾಡೋ?”

ತೀರ್ಥೇಶನ ಶಾಸ್ತ್ರಜ್ಞಾನ ಅಲ್ಲಿಗೆ ಮುಗಿಯಿತು. ವೈರಿನ ದಾರಿ ಆರಿಸಿ, ಪ್ರೋಗ್ರಾಮು ಯಾವ ಯಂತ್ರದ ಪರದೆಯಲ್ಲಿ ಮೂಡಬೇಕೆಂದು ಕೇಳುವಲ್ಲಿ ಹೆಸರು ಒತ್ತಿದ. ಬೆಳಗಿನಿಂದ ಬರೆದು ಬರೆದು ಪಳಗಿದ್ದ ಬೆರಳು ‘ಶಿಕಾರಿಪುರ’ದ ಬದಲು ‘ಸೊರಬ’ ಎಂದೇ ಒತ್ತಿತು. ಅದು ಅವನ ಗಮನಕ್ಕೆ ಬರಲಿಲ್ಲ. ಕಾಗದ ಬರೆಯುವ ಪ್ರೋಗ್ರಾಮನ್ನು ಕರೆದ. ಎದುರಿನ ಪರದೆಯಲ್ಲಿ ಏನೂ ಮೂಡಲಿಲ್ಲ.

“ನೋಡಿ ಸಾರ್, ನಿಮ್ಮ ವೈರು ಸತ್ತಿದೆ. ನಾನು ಆಗಿಂದ ಬಡ್ಕೊಂಡೆ,” ಎಂದ, ಎದೆಯುಬ್ಬಿಸಿ.

ಒಳಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಇಸ್ಪೀಟಾಡುತ್ತಿದ್ದ ಸಾಹುಕಾರರ ಹೆಂಡತಿ ನಿರ್ಮಲಮ್ಮ ಕೂಗಿದರು.

“ರೀ, ನನ್ನ ರಾಣಿ ಮೇಲೆ ಯಾರದ್ದೋ ಅರ್ಜಿ ಬಂದು ಕೂತಿದೆ. ಈಗಿನ ಮಾಲೀಕರಿಗೆ ಯೂರಿಯಾ ಬಿಟ್ಟು ಬೇರೇನೂ ತಿಳಿಯದು ಅಂತ ಇಂಗ್ಲಿಷಲ್ಲಿ ಬರ್ದಿದಾರೆ.”

ಆ ಪ್ರೋಗ್ರಾಮು ಕೊನೆಗೆ ಮುಚ್ಚಿದ ಕಾಗದವನ್ನೇ ಮೊದಲು ತೆರೆಯುತ್ತದೆಂದು ತೀರ್ಥೇಶ ಹೋದ ವಾರವಷ್ಟೇ ಪಾಠ ಮಾಡಿದ್ದ. ಅದು ಈಗ ನೆನಪಾಯಿತು.

ಪರಮಶಿವಪ್ಪನವರು ವೈರನ್ನು ಪ್ರೀತಿಯಿಂದ ಸವರಿದರು. “ಸತ್ತದ ಅಂದ್ರಲ್ರೀ ಮೇಷ್ಟ್ರೇ? ಯಾವ ಸೆಂಟರಿಗಂತೆ, ನಿರ್ಮಲಾ?”

“ಸೊರಬದ ಹೊಸಾದಕ್ಕೆ. ನಮ್ಮಣ್ಣಂದೇ ರೀ. ಮೇಷ್ಟ್ರೇ, ಅಂಚೆಗೆ ಹಾಕ್ಬೇಡಿ. ಭಾನುವಾರ ತವರಿಗೆ ಹೋಗ್ತೀನಲ್ಲ, ನಾನೇ ಓದಿ ಹೇಳ್ತೀನಿ.”